ಮಾಲ್ ಖಾಲಿಯಾಗೋದು ಯಾಕೆ? ಗಂಜಾಂನಿಂದ ನಾಗಮಂಗಲದವರೆಗೆ ಒಂದು ಹುಡುಕಾಟ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಕೇಳೋಕೆ ಪುರುಸೊತ್ತಿಲ್ಲದವರು ಓದಿಕೊಳ್ಳಬಹುದು.)

ಬಸ್ಸಲ್ಲಿ ಕಿಟಕಿ ಸೀಟು ಸಿಕ್ಕಿ ಕೇಳ್ತಿರೋರಿಗೂ, ಸೀಟು ಸಿಗದೆ ಕಂಬಿ ಹಿಡ್ಕೊಂಡು ಕೇಳ್ತಿರೋರಿಗೂ ಸ್ವಾಗತ.

ಇವತ್ತಿನ ಸಂಚಿಕೆ ಶುರುವಾಗಿದ್ದು ಒಂದು ಫೋನ್ ಕಾಲ್‌ನಿಂದ. ನಮ್ಮದು ಕೆ.ಆರ್. ಪೇಟೆ ತಾಲ್ಲೂಕು. ಅಕ್ಕನನ್ನು ಕೊಟ್ಟಿರೋದು ನಾಗಮಂಗಲಕ್ಕೆ. ಮನೆಯ ಮುಂದಿನ ರೂಮಲ್ಲೇ ಮಷಿನ್ ಇಟ್ಕೊಂಡು ಬ್ಲೌಸ್ ಹೊಲೀತಾಳೆ. ಮದುವೆ ಸೀಸನ್ನಲ್ಲಿ ರಾತ್ರಿ ಹನ್ನೆರಡಾದ್ರೂ ಮಷಿನ್ ಸದ್ದು ನಿಲ್ಲಲ್ಲ. ಕಳೆದ ತಿಂಗಳು ಒಂದು ಸಂಜೆ ಫೋನ್ ಮಾಡಿದಳು.

"ನೋಡ್ಲಾ, ಇಲ್ಲಿ ಹೊಸಾ ಕಾಂಪ್ಲೆಕ್ಸ್ ಏಳ್ತಾ ಅದೆ. ಮಿನಿ ಮಾಲ್ ಅಂತೆ. ಕೆಳಗೆ ಸೂಪರ್‌ಮಾರ್ಕೆಟ್ ಬತ್ತದಂತೆ, ಮ್ಯಾಲೆ ಚಿಕ್ಕ ಚಿಕ್ಕ ಅಂಗಡಿ. ಫಸ್ಟ್ ಫ್ಲೋರಲ್ಲಿ ನಂಗೊಂದು ಕೊಡ್ತೀವಿ ಅಂತಾವ್ರೆ. ಅಡ್ವಾನ್ಸು ಎರಡು ಲಕ್ಷ. ಸಂಘದಲ್ಲಿ ಸಾಲ ಎತ್ತಿದ್ರೆ ಆಯ್ತದೆ. ತಕ್ಕೊಳ್ಳಾನಾ, ಬ್ಯಾಡ್ವಾ?"

ಮಾಲ್ ಅಂದ್ರೆ ಸಿನಿಮಾ ನೋಡೋಕೆ, ಎಸಿ ಗಾಳಿ ಕುಡಿಯೋಕೆ ಹೋಗೋ ಜಾಗ ಅಂತಷ್ಟೇ ನನಗೆ ಗೊತ್ತಿತ್ತು. ಅದರೊಳಗೆ ಅಂಗಡಿ ಹಾಕಿದವರ ಕಥೆ ಏನು ಅಂತ ಯಾವತ್ತೂ ಯೋಚನೆ ಮಾಡಿರಲಿಲ್ಲ. "ಎರಡು ದಿನ ಟೈಮ್ ಕೊಡಕ್ಕ" ಅಂದೆ. ಎರಡು ದಿನ ಅಂದದ್ದು ಮೂರು ವಾರ ಆಯ್ತು. ಆ ಮೂರು ವಾರದಲ್ಲಿ ಗೊತ್ತಾಗಿದ್ದೇ ಈ ಸಂಚಿಕೆ.

ದೆವ್ವದ ಮಾಲ್‌ಗಳು

ಮೊದಲು ಲೆಕ್ಕ ನೋಡೋಣ. ನೈಟ್ ಫ್ರಾಂಕ್ ಅನ್ನೋ ರಿಯಲ್ ಎಸ್ಟೇಟ್ ಸಲಹಾ ಸಂಸ್ಥೆ 2024ರಲ್ಲಿ ಒಂದು ವರದಿ ಹೊರಗೆ ತಂತು. ಶೇ 40ಕ್ಕಿಂತ ಹೆಚ್ಚು ಜಾಗ ಖಾಲಿ ಬಿದ್ದಿರೋ ಮಾಲ್‌ಗಳಿಗೆ ಅದರಲ್ಲಿ ‘ಘೋಸ್ಟ್’ ಅಂತ ಹೆಸರಿಟ್ಟಿದ್ದಾರೆ. ನಮ್ಮ ಮಾತಲ್ಲಿ ದೆವ್ವದ ಮಾಲ್ ಅನ್ನೋಣ. ದೇಶದ ಎಂಟು ದೊಡ್ಡ ನಗರಗಳಲ್ಲಿ 2022ರಲ್ಲಿ ಇಂಥವು 57 ಇದ್ದವು. 2023ರ ಹೊತ್ತಿಗೆ 64 ಆದವು. ಬೆಂಗಳೂರಿನ ಇಂಥ ಮಾಲ್‌ಗಳ ಒಟ್ಟು ಜಾಗ ಸುಮಾರು 20 ಲಕ್ಷ ಚದರಡಿ. ಒಂದು 30x40 ಸೈಟು ಅಂದ್ರೆ 1,200 ಚದರಡಿ. ಅಂಥ 1,600ಕ್ಕೂ ಹೆಚ್ಚು ಸೈಟು ಸೇರಿಸಿದಷ್ಟು ಜಾಗ ಅದು.

ಇದನ್ನು ಕೇಳಿದ ತಕ್ಷಣ ನೀವು ಏನಂತೀರಿ ಅಂತ ನನಗೆ ಗೊತ್ತು. "ಎಲ್ರೂ ಮೊಬೈಲಲ್ಲೇ ತರಿಸ್ಕೋತಾರೆ, ಇನ್ಯಾರು ಮಾಲ್‌ಗೆ ಹೋಗ್ತಾರೆ?" ನಾನೂ ಹಾಗೇ ಅಂದ್ಕೊಂಡಿದ್ದೆ. ಆದರೆ ಅದೇ ವರದಿಯಲ್ಲಿ ಇನ್ನೊಂದು ಲೆಕ್ಕ ಇದೆ. ಒಂದು ಲಕ್ಷ ಚದರಡಿಗಿಂತ ಚಿಕ್ಕದಾದ ಮಾಲ್‌ಗಳಲ್ಲಿ ಶೇ 36ರಷ್ಟು ಜಾಗ ಖಾಲಿ. ಚೆನ್ನಾಗಿ ನಡೆಯೋ ದೊಡ್ಡ ಮಾಲ್‌ಗಳಲ್ಲಿ ಖಾಲಿ ಇರೋದು ಶೇ 5ರ ಆಸುಪಾಸು ಮಾತ್ರ. ಫ್ಲಿಪ್‌ಕಾರ್ಟು, ಅಮೆಜಾನೇ ಕಾರಣ ಆಗಿದ್ರೆ ದೊಡ್ಡದೂ ಖಾಲಿ ಆಗಬೇಕಿತ್ತಲ್ವಾ? ಒಂದೇ ಊರಲ್ಲಿ, ಒಂದೇ ಕಾಲದಲ್ಲಿ, ಒಂದು ಮಾಲ್‌ನಲ್ಲಿ ಭಾನುವಾರ ಲಿಫ್ಟಿಗೆ ಕ್ಯೂ, ಇನ್ನೊಂದರಲ್ಲಿ ಎಸ್ಕಲೇಟರೇ ಆಫ್. ಇದಕ್ಕೆ ಬೇರೇನೋ ಕಾರಣ ಇರಬೇಕು.

ಲಂಗರು ಹಾಕಿದವನು

ಮಾಲ್ ಅನ್ನೋ ಯೋಚನೆ ಎಲ್ಲಿಂದ ಬಂತು? 1956ರ ಅಕ್ಟೋಬರ್ 8ರಂದು ಅಮೆರಿಕದ ಮಿನಿಯಾಪೊಲಿಸ್ ಪಕ್ಕದ ಎಡೈನಾ ಅನ್ನೋ ಉಪನಗರದಲ್ಲಿ ಸೌತ್‌ಡೇಲ್ ಸೆಂಟರ್ ಬಾಗಿಲು ತೆರೆಯಿತು. ನಾಲ್ಕೂ ಕಡೆ ಗೋಡೆ, ಮೇಲೆ ಸೂರು, ಒಳಗೆ ಚಳಿಗಾಲದಲ್ಲೂ ಬೇಸಿಗೆಯಲ್ಲೂ ಒಂದೇ ಹವೆ. ಇವತ್ತಿನ ಮಾಲ್‌ಗಳಿಗೆಲ್ಲ ಅದೇ ಅಜ್ಜ. ಕಟ್ಟಿದವನು ವಿಯೆನ್ನಾದಿಂದ ಬಂದ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್. ಅದರ ಸುತ್ತ ಮನೆ, ಶಾಲೆ, ಆಸ್ಪತ್ರೆ, ಪಾರ್ಕು ಎಲ್ಲ ಇರಬೇಕು, ಒಂದು ಊರೇ ಆಗಬೇಕು ಅನ್ನೋದು ಅವನ ಆಸೆ. ಮಿಕ್ಕವರು ನಕಲು ಮಾಡಿದ್ದು ಮಾಲನ್ನೂ, ಅದರ ಸುತ್ತಲಿನ ಕಾರ್ ಪಾರ್ಕಿಂಗನ್ನೂ ಮಾತ್ರ.

ಸೌತ್‌ಡೇಲ್‌ನಲ್ಲಿ ಎರಡು ದೊಡ್ಡ ಅಂಗಡಿ ಇದ್ದವು. ಹೆಸರು ಡೇಟನ್ಸ್, ಡೊನಾಲ್ಡ್‌ಸನ್ಸ್. ಜನ ಬರ್ತಿದ್ದದ್ದು ಈ ಎರಡಕ್ಕೆ. ಒಂದರಿಂದ ಇನ್ನೊಂದಕ್ಕೆ ನಡೆಯುವಾಗ ದಾರಿಯಲ್ಲಿರೋ ಚಿಕ್ಕ ಅಂಗಡಿಗಳಿಗೆ ವ್ಯಾಪಾರ. ಈ ದೊಡ್ಡ ಅಂಗಡಿಗೆ ವ್ಯಾಪಾರದವರ ಮಾತಲ್ಲಿ ‘ಆಂಕರ್’ ಅಂತಾರೆ. ಟಿವಿ ಆಂಕರ್ ಅಲ್ಲ ಮಾರಾಯ್ರೆ, ಹಡಗಿನ ಲಂಗರು. ನಮ್ಮ ಮಾಲ್‌ಗಳಲ್ಲಿ ಮಲ್ಟಿಪ್ಲೆಕ್ಸು, ಸೂಪರ್‌ಮಾರ್ಕೆಟ್ಟು, ದೊಡ್ಡ ಬಟ್ಟೆ ಅಂಗಡಿ ಇವೇ ಲಂಗರು.

ಈಗ ಒಂದು ವಿಚಿತ್ರ ನೋಡಿ. ಮಾಲ್‌ನಲ್ಲಿ ಅತಿ ಹೆಚ್ಚು ಜಾಗ ಹಿಡಿದಿರೋ ಆಂಕರ್, ಚದರಡಿ ಲೆಕ್ಕದಲ್ಲಿ ಸಾಮಾನ್ಯವಾಗಿ ಕಡಿಮೆ ಬಾಡಿಗೆ ಕೊಡುತ್ತೆ. ‘ನಮ್ಮಿಂದ ತಾನೇ ಜನ ಬರೋದು’ ಅಂತ ಅದು ಚೌಕಾಸಿ ಮಾಡಬಹುದು. ಪಕ್ಕದಲ್ಲಿ ಬಳೆ, ಮೊಬೈಲ್ ಕವರ್, ಜ್ಯೂಸ್ ಮಾರೋನು ಚದರಡಿಗೆ ಅದರ ಎಷ್ಟೋ ಪಟ್ಟು ಕೊಡ್ತಾನೆ. ಅವನು ಕೊಡ್ತಿರೋದು ಬರೀ ಜಾಗದ ಬಾಡಿಗೆ ಅಲ್ಲ. ಆಂಕರ್ ಕರ್ಕೊಂಡು ಬರೋ ಜನರ ಬಾಡಿಗೆ.

ಹಾಗಾದ್ರೆ ಆಂಕರ್ರೇ ಎದ್ದು ಹೋದ್ರೆ? ಅದನ್ನು ನಾವೆಲ್ಲ ಕಣ್ಣಾರೆ ನೋಡಿದ್ದೀವಿ. 2022ರಲ್ಲಿ ಫ್ಯೂಚರ್ ಗ್ರೂಪ್‌ಗೆ ಬಾಡಿಗೆ ಕಟ್ಟೋಕೆ ಆಗದೆ ದೇಶದ ಉದ್ದಗಲಕ್ಕೂ ಅದರ ಇನ್ನೂರಕ್ಕೂ ಹೆಚ್ಚು ಅಂಗಡಿಗಳು ರಿಲಯನ್ಸ್ ಕೈಗೆ ಹೋದವು. ಬಿಗ್ ಬಜಾರ್ ಬೋರ್ಡುಗಳು ಇಳಿದವು. 2023ರ ಮೇ ತಿಂಗಳಲ್ಲಿ ಪಿವಿಆರ್ ಐನಾಕ್ಸ್ ಕಂಪನಿ ಸುಮಾರು 50 ಪರದೆ ಮುಚ್ತೀವಿ ಅಂತ ಹೇಳಿತು. ಅದು ಕೊಟ್ಟ ಕಾರಣಗಳಲ್ಲಿ ಒಂದು, ಕೆಲವು ಪರದೆಗಳು ಆಯಸ್ಸು ಮುಗಿದ ಮಾಲ್‌ಗಳಲ್ಲಿವೆ, ಆ ಮಾಲ್‌ಗಳು ಚೇತರಿಸಿಕೊಳ್ಳೋ ಆಸೆ ಇಲ್ಲ ಅನ್ನೋದು. ಮಾಲ್ ಸೊರಗಿದ್ದಕ್ಕೆ ಥಿಯೇಟರ್ ಹೋಗುತ್ತೆ, ಥಿಯೇಟರ್ ಹೋದದ್ದಕ್ಕೆ ಮಾಲ್ ಇನ್ನೂ ಸೊರಗುತ್ತೆ. ನಡುವೆ ಸಿಕ್ಕಿಹಾಕಿಕೊಳ್ಳೋದು ಬಳೆ ಅಂಗಡಿಯವನು.

ನಮ್ಮೂರಿನ ಹಳೇ ಮಾಲ್

ಇಷ್ಟು ಓದ್ಕೊಂಡು ಒಂದು ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ಅಮ್ಮನಿಗೆ ನಿಮಿಷಾಂಬ ದರ್ಶನ ಆಗಬೇಕಿತ್ತು. ಗುಡಿ ಇರೋದು ಗಂಜಾಂನಲ್ಲಿ, ಕಾವೇರಿ ದಂಡೆ ಮೇಲೆ. ಕ್ಯೂನಲ್ಲಿ ನಿಂತಾಗ ತಲೆಗೆ ಹೊಳೀತು, ನಾನು ಹುಡುಕ್ತಿರೋ ಕಥೆ ಇಲ್ಲೇ ನಡೆದುಹೋಗಿದೆ, ಅದೂ ಇನ್ನೂರು ವರ್ಷದ ಹಿಂದೆ.

ಟಿಪ್ಪು ಸುಲ್ತಾನ್ ಕಾಲದಲ್ಲಿ ಇದು ಶಹರ್ ಗಂಜಾಂ. ಕೋಟೆಯ ಹೊರಗೆ, ದ್ವೀಪದ ಪೂರ್ವಕ್ಕೆ ಕಟ್ಟಿದ ಪೇಟೆ. ಇವತ್ತಿನ ಮಾತಲ್ಲಿ ಹೇಳೋದಾದ್ರೆ ಉಪನಗರದ ಶಾಪಿಂಗ್ ಸೆಂಟರ್. ಈ ಪೇಟೆಗೆ ಜನ ತುಂಬಿಸೋಕೆ ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಕರೆತಂದರು ಅಂತ ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತೆ. ಈ ಪೇಟೆಯ ಆಂಕರ್ ಯಾರು? ಪಕ್ಕದ ಕೋಟೆಯೊಳಗಿದ್ದ ಅರಮನೆ ಮತ್ತು ಸೈನ್ಯ. ಬಟ್ಟೆ, ದವಸ, ಚರ್ಮ, ಲೋಹ, ಎಲ್ಲದಕ್ಕೂ ದೊಡ್ಡ ಗಿರಾಕಿ ಅವರೇ.

1799ರ ಮೇ 4ರಂದು ಕೋಟೆ ಬಿತ್ತು. ರಾಜಧಾನಿ ಮೈಸೂರಿಗೆ ಹೋಯ್ತು. ಮರುವರ್ಷ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್, ಟಿಪ್ಪು ಕಾಲದಲ್ಲಿ ಈ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬಹುದು ಅಂತ ಅಂದಾಜು ಮಾಡಿದ. ಅವನು ಬಂದಾಗ ಉಳಿದಿದ್ದದ್ದು 32 ಸಾವಿರದ ಹತ್ತಿರ. ಆಮೇಲೆ ಬ್ರಿಟಿಷರ ದಂಡೂ ಇಲ್ಲಿನ ಜ್ವರದ ಕಾಟ ತಾಳಲಾರದೆ ಬೆಂಗಳೂರಿಗೆ ಎದ್ದು ಹೋಯ್ತು. ಎರಡನೇ ಆಂಕರೂ ಖಾಲಿ. 1901ರ ಜನಗಣತಿಯಲ್ಲಿ ಶ್ರೀರಂಗಪಟ್ಟಣದ ಜನಸಂಖ್ಯೆ ಒಂಬತ್ತು ಸಾವಿರಕ್ಕೂ ಕಡಿಮೆ. ಯುದ್ಧ, ಮಲೇರಿಯಾ, ಕೊನೆಗೆ ಪ್ಲೇಗು, ಎಲ್ಲ ಸೇರಿ ಆದದ್ದು ಇದು. ಆದರೆ ಗಿರಾಕಿಯನ್ನು ಕರೆತರೋ ಶಕ್ತಿ ಇಲ್ಲಿಂದ ಹೋದ ಮೇಲೆ ಪೇಟೆಯನ್ನು ಮತ್ತೆ ತುಂಬಿಸೋರು ಯಾರೂ ಬರಲಿಲ್ಲ.

ಈಗ ಗಂಜಾಂನಲ್ಲಿ ಅಂಗಡಿ ಇಲ್ವಾ? ಇದೆ. ಹಣ್ಣುಕಾಯಿ, ಹೂವು, ಬಳೆ, ಮಕ್ಕಳ ಆಟಿಕೆ, ಸೌತೇಕಾಯಿಗೆ ಖಾರ ಹಚ್ಚಿ ಮಾರೋರು. ಇವರನ್ನೆಲ್ಲ ಹಿಡಿದಿಟ್ಟಿರೋದು ನಿಮಿಷಾಂಬ ಗುಡಿ ಮತ್ತು ಗುಂಬಜ್, ದರಿಯಾ ದೌಲತ್ ನೋಡೋಕೆ ಬರೋ ಪ್ರವಾಸಿಗಳು. ಹೊಸ ಲಂಗರು ಸಿಕ್ಕಿದೆ. ಪೇಟೆ ಹಳೇ ಅಳತೆಗೆ ಮರಳಲಿಲ್ಲ, ಬೇರೆ ಅಳತೆಗೆ ಬದುಕಿಕೊಂಡಿತು.

ಪಾಂಡವಪುರದ ಕಥೆಯೂ ಇದರ ದಾಯಾದಿಯೇ. ಹೈದರ್, ಟಿಪ್ಪು ಸೇವೆಯಲ್ಲಿದ್ದ ಫ್ರೆಂಚ್ ಪಡೆ ಬೀಡು ಬಿಟ್ಟಿದ್ದಕ್ಕೆ ಅದಕ್ಕೆ ಫ್ರೆಂಚ್ ರಾಕ್ಸ್ ಅನ್ನೋ ಹೆಸರಿತ್ತು. ದಂಡು ಹೋಯ್ತು. ನಮ್ಮ ಕಾಲದಲ್ಲಿ ಅಲ್ಲಿನ ದೊಡ್ಡ ಲಂಗರು ಅಂದ್ರೆ ಸಹಕಾರಿ ಸಕ್ಕರೆ ಕಾರ್ಖಾನೆ. ಅದು ವರ್ಷಗಟ್ಟಲೆ ಬಾಗಿಲು ಹಾಕಿತ್ತು. 2020ರಲ್ಲಿ 40 ವರ್ಷದ ಗುತ್ತಿಗೆಗೆ ನಿರಾಣಿ ಶುಗರ್ಸ್‌ಗೆ ಹೋಗಿ ಮತ್ತೆ ಶುರುವಾಯ್ತು. ಕಾರ್ಖಾನೆ ನಿಂತ್ರೆ ಕಬ್ಬಿನ ಗಾಡಿ ನಿಲ್ಲುತ್ತೆ. ಗಾಡಿ ನಿಂತ್ರೆ ಟೀ ಅಂಗಡಿ, ಪಂಕ್ಚರ್ ಅಂಗಡಿ, ಗ್ಯಾರೇಜು, ಬೀಡಾ ಅಂಗಡಿ ಎಲ್ಲಕ್ಕೂ ಪೆಟ್ಟು. ಅಲ್ಲಿ ಮಾಲ್ ಅನ್ನೋ ಕಟ್ಟಡ ಇಲ್ಲ. ಲೆಕ್ಕ ಮಾತ್ರ ಮಾಲ್‌ನದ್ದೇ.

ರಸ್ತೆಯೂ ಲಂಗರು ಆಗಬಹುದು. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲಕ್ಕೂ ಬೈಪಾಸ್. ಹಳೇ ರಸ್ತೆಯಲ್ಲಿ ಮದ್ದೂರು ವಡೆ, ಚನ್ನಪಟ್ಟಣದ ಬೊಂಬೆ ಮಾರ್ತಿದ್ದೋರು ಆವತ್ತಿಂದ ಗಿರಾಕಿ ಕಡಿಮೆ ಆಯ್ತು ಅಂತಲೇ ಹೇಳ್ತಿದ್ದಾರೆ. ಅವರ ವಡೆ ಕೆಟ್ಟಿರಲಿಲ್ಲ, ಬೊಂಬೆಯ ಬಣ್ಣ ಮಾಸಿರಲಿಲ್ಲ. ಕಾರು ಬೇರೆ ದಾರಿ ಹಿಡಿದಿತ್ತು ಅಷ್ಟೆ.

ಬೀಗ ಬೀಳೋದು ಯಾರಿಗೆ?

ಆಂಕರ್ ಗಟ್ಟಿಯಾಗಿದ್ರೂ ಮಾಲ್ ಮುಚ್ಚಬಹುದು. ಬೆಂಗಳೂರು ಮಲ್ಲೇಶ್ವರದ ಮಂತ್ರಿ ಸ್ಕ್ವೇರ್ ನೋಡಿ. 2010ರಲ್ಲಿ ಶುರುವಾದಾಗ ದೇಶದ ದೊಡ್ಡ ಮಾಲ್‌ಗಳಲ್ಲಿ ಒಂದು. ಎದುರಿಗೇ ಮೆಟ್ರೊ ನಿಲ್ದಾಣ ಬಂತು, ಅದರ ಹೆಸರಲ್ಲೂ ಮಾಲ್‌ನ ಹೆಸರು ಸೇರಿತು. ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗುತ್ತೆ? ಆದ್ರೆ 2017ರ ಜನವರಿಯಲ್ಲಿ ಹಿಂಬದಿ ಗೋಡೆಯ ಒಂದು ಭಾಗ ಕುಸಿದು ಕೆಲ ಕಾಲ ಮುಚ್ಚಿತು. ಆಮೇಲೆ ಆಸ್ತಿ ತೆರಿಗೆ ಬಾಕಿ ಅಂತ ಬಿಬಿಎಂಪಿ ಒಂದಕ್ಕಿಂತ ಹೆಚ್ಚು ಸಲ ಬೀಗ ಹಾಕಿತು. ಬಾಕಿ ಹತ್ತಾರು ಕೋಟಿ ರೂಪಾಯಿ.

ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ತೆರಿಗೆ ಕಟ್ಟಬೇಕಾದದ್ದು ಮಾಲ್ ಮಾಲೀಕರು. ಬೀಗ ಬಿದ್ದ ದಿನ ವ್ಯಾಪಾರ ನಿಂತದ್ದು ಒಳಗೆ ಬಾಡಿಗೆಗೆ ಇದ್ದ ಅಂಗಡಿಗಳದ್ದು. ಸೇಲ್ಸ್ ಹುಡುಗಿ, ಹೌಸ್‌ಕೀಪಿಂಗ್ ಆಂಟಿ, ಫುಡ್ ಕೋರ್ಟಿನ ಹುಡುಗ ಎಲ್ಲ ಗೇಟಿನ ಹೊರಗೆ.

ಇನ್ನೊಂದು ನಿಮಗೂ ನೆನಪಿರುತ್ತೆ. 2024ರ ಜುಲೈ, ಮಾಗಡಿ ರಸ್ತೆಯ ಜಿ.ಟಿ. ವರ್ಲ್ಡ್ ಮಾಲ್. ಹಾವೇರಿ ಕಡೆಯ ಒಬ್ಬ ರೈತರು ಮಗನ ಜೊತೆ ಸಿನಿಮಾ ನೋಡೋಕೆ ಬಂದಿದ್ರು. ಪಂಚೆ ಉಟ್ಟಿದ್ದಾರೆ ಅಂತ ಸೆಕ್ಯೂರಿಟಿಯವರು ಒಳಗೆ ಬಿಡಲಿಲ್ಲ. ವಿಡಿಯೊ ಎಲ್ಲ ಕಡೆ ಓಡಾಡ್ತು, ಸರ್ಕಾರ ಏಳು ದಿನ ಮಾಲ್ ಮುಚ್ಚಿಸಿತು. ನಮ್ಮ ತಾತನೂ ಪಂಚೆ ಬಿಟ್ಟು ಬೇರೆ ಉಟ್ಟವರಲ್ಲ. ಅದನ್ನು ನೋಡ್ತಾ ನಮ್ಮನೇಲಿ ಯಾರೂ ಮಾತಾಡಲಿಲ್ಲ.

ಇದೇನು ಹೊಸ ಚಾಳಿ ಅಲ್ಲ. 1999ರಲ್ಲಿ ಮುಂಬೈನಲ್ಲಿ ಕ್ರಾಸ್‌ರೋಡ್ಸ್ ಅನ್ನೋ ಮಾಲ್ ಶುರುವಾಯ್ತು, ದೇಶದ ಮೊದಮೊದಲ ಮಾಲ್‌ಗಳಲ್ಲಿ ಒಂದು. ಆರಂಭದಲ್ಲಿ ಒಳಗೆ ಹೋಗೋಕೆ ಮೊಬೈಲ್ ಫೋನೋ ಕ್ರೆಡಿಟ್ ಕಾರ್ಡೋ ತೋರಿಸಬೇಕಿತ್ತು. ಎರಡೂ ಇಲ್ಲದಿದ್ರೆ 60 ರೂಪಾಯಿ ಟಿಕೆಟ್. ಕೆಲವೇ ವರ್ಷಗಳಲ್ಲಿ ಆ ಮಾಲ್ ಕೈ ಬದಲಾಯಿಸಿ, ಹೆಸರೂ ಬದಲಾಗಿ ‘ಸೋಬೊ ಸೆಂಟ್ರಲ್’ ಆಯ್ತು. ಬಾಗಿಲಲ್ಲಿ ತಡೆದದ್ದಕ್ಕೇ ಅದು ಸೋತಿತು ಅಂತ ನಾನು ಹೇಳಲ್ಲ, ಸೋಲೋಕೆ ಬೇರೆ ಕಾರಣಗಳೂ ಇರ್ತವೆ. ಆದ್ರೆ ಯಾರನ್ನೋ ಹೊರಗಿಟ್ಟೇ ದೊಡ್ಡದು ಅನ್ನಿಸಿಕೊಳ್ಳೋ ಜಾಗ, ಜನ ಕಡಿಮೆ ಆದ ದಿನ ಯಾರನ್ನು ಕರೆಯುತ್ತೆ?

ಚಿಕ್ಕ ಮಾಲ್‌ಗಳ ದೊಡ್ಡ ತೊಂದರೆ

ಈಗ ಅಕ್ಕನ ವಿಷಯಕ್ಕೆ ಹತ್ತಿರ ಬರೋಣ. ಚಿಕ್ಕ ಮಾಲ್‌ಗಳಲ್ಲಿ ಹಲವನ್ನು ಬಿಲ್ಡರ್‌ಗಳು ಒಂದೊಂದೇ ಅಂಗಡಿ ಮಾಡಿ ಬೇರೆ ಬೇರೆಯವರಿಗೆ ಮಾರಿಬಿಡ್ತಾರೆ. ಒಂದು ಮಳಿಗೆ ಡಾಕ್ಟರದ್ದು, ಇನ್ನೊಂದು ದುಬೈನಲ್ಲಿರೋರದ್ದು, ಮತ್ತೊಂದು ರಿಟೈರ್ಡ್ ಮೇಷ್ಟರದ್ದು. ಎಲ್ಲರಿಗೂ ಬಾಡಿಗೆ ಬೇಕು. ಯಾವ ಅಂಗಡಿ ಪಕ್ಕ ಯಾವುದು ಬಂದ್ರೆ ವ್ಯಾಪಾರ ಆಗುತ್ತೆ ಅಂತ ನೋಡೋರು ಯಾರೂ ಇಲ್ಲ. ಲಿಫ್ಟ್ ಕೆಟ್ರೆ ಇಪ್ಪತ್ತು ಜನ ಸೇರಿ ದುಡ್ಡು ಹಾಕಬೇಕು. ಹನ್ನೆರಡು ಜನ ಹಾಕ್ತಾರೆ, ಎಂಟು ಜನ ಫೋನೇ ತೆಗೆಯಲ್ಲ.

ಮೇಂಟೆನೆನ್ಸ್ ಖರ್ಚಂತೂ ಖಾಲಿ ಅಂಗಡಿ ಇದೆ ಅಂತ ಕಡಿಮೆ ಆಗಲ್ಲ. ಜನರೇಟರ್, ಸೆಕ್ಯೂರಿಟಿ, ಟಾಯ್ಲೆಟ್ ಕ್ಲೀನಿಂಗ್ ಎಲ್ಲ ಅಷ್ಟೇ. ಹತ್ತು ಅಂಗಡಿ ಇದ್ದಾಗ ಹತ್ತು ಪಾಲು. ನಾಲ್ಕು ಖಾಲಿ ಆದ್ರೆ ಮಿಕ್ಕ ಆರು ಜನರ ತಲೆ ಮೇಲೆ. ಇಲ್ಲಾಂದ್ರೆ ಕ್ಲೀನಿಂಗೇ ನಿಲ್ಲುತ್ತೆ. ಒಂದು ಸಲ ಟಾಯ್ಲೆಟ್ ವಾಸನೆ ಶುರುವಾಯ್ತು ಅಂದ್ರೆ ಆ ಮಹಡಿಗೆ ಮತ್ತೆ ಜನ ಹತ್ತಲ್ಲ.

ನಮ್ಮ ತಾಲ್ಲೂಕು ಊರುಗಳ ಕಾಂಪ್ಲೆಕ್ಸ್‌ಗಳನ್ನು ಈ ಕಣ್ಣಲ್ಲಿ ನೋಡ್ಕೊಂಡು ಬಂದೆ. ನನಗೆ ಕಂಡ ಚಿತ್ರ ಹೆಚ್ಚುಕಮ್ಮಿ ಒಂದೇ. ನೆಲ ಮಹಡಿ ಪೂರ್ತಿ ತುಂಬಿದೆ. ಮೊದಲ ಮಹಡಿಯಲ್ಲಿ ಒಂದು ಟೈಲರ್, ಒಂದು ಫೈನಾನ್ಸ್, ಒಂದು ಲಾಯರ್ ಆಫೀಸು, ನಡುವೆ ಮುಚ್ಚಿದ ಶೆಟರ್‌ಗಳು. ಎರಡನೇ ಮಹಡಿಯಲ್ಲಿ ‘ಬಾಡಿಗೆಗೆ ಇದೆ’ ಬೋರ್ಡು, ಬಿಸಿಲಿಗೆ ನಂಬರೇ ಅಳಿಸಿಹೋಗಿದೆ.

ಸತ್ತ ಮಾಲ್‌ಗೆ ಮರುಜೀವ ಇದೆಯಾ?

ಇದೆ. ಆದರೆ ಬಣ್ಣ ಹೊಡೆದ್ರೆ, ಹೆಸರು ಬದಲಾಯಿಸಿದ್ರೆ ಸಾಲದು. ಜನ ಬರೋಕೆ ಹೊಸ ಕಾರಣ ಬೇಕು.

ಅಮೆರಿಕದ ಆಸ್ಟಿನ್‌ನಲ್ಲಿ ಹೈಲ್ಯಾಂಡ್ ಮಾಲ್ ಅಂತ ಇತ್ತು. 1971ರಲ್ಲಿ ಶುರುವಾಗಿ 2015ರಲ್ಲಿ ಮುಚ್ಚಿತು. ಅದನ್ನು ಕೊಂಡದ್ದು ಆಸ್ಟಿನ್ ಕಮ್ಯುನಿಟಿ ಕಾಲೇಜು. ಮೊದಲು ಬಟ್ಟೆ ಮಾರ್ತಿದ್ದ ದೊಡ್ಡ ಅಂಗಡಿಯ ಜಾಗದಲ್ಲಿ 600ಕ್ಕೂ ಹೆಚ್ಚು ಕಂಪ್ಯೂಟರ್ ಇರೋ ಕಲಿಕಾ ಕೇಂದ್ರ ಬಂತು. ಆಂಕರ್ ಅಂಗಡಿ ಹೋಗಿ ವಿದ್ಯಾರ್ಥಿಗಳೇ ಆಂಕರ್ ಆದರು. ಅಜ್ಜ ಸೌತ್‌ಡೇಲ್ ಕೂಡ ಇನ್ನೂ ಬದುಕಿದೆ. ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಎದ್ದಿವೆ, ಮುಚ್ಚಿದ ಒಂದು ದೊಡ್ಡ ಅಂಗಡಿ ಕೆಡವಿ 2019ರಲ್ಲಿ ಜಿಮ್, ಫಿಟ್‌ನೆಸ್ ಕೇಂದ್ರ ಮಾಡಿದರು. ಗ್ರೂಯೆನ್ ಮೊದಲೇ ಕೇಳಿದ್ದ ಊರು ಅರವತ್ತು ವರ್ಷ ತಡವಾಗಿ ಬರ್ತಿದೆ.

ನಮ್ಮ ಕಡೆ? ಬೆಂಗಳೂರು ವೈಟ್‌ಫೀಲ್ಡಿನಲ್ಲಿ 2009ರಲ್ಲಿ ಫೋರಂ ವ್ಯಾಲ್ಯೂ ಮಾಲ್ ಶುರುವಾಯ್ತು. ಹೆಸರೇ ಹೇಳೋ ಹಾಗೆ ರಿಯಾಯಿತಿ ದರದ ಮಾಲ್. ಮುಂದೆ ಅದು ‘ನೇಬರ್‌ಹುಡ್ ಮಾಲ್’ ಆಯ್ತು, ಅಂದ್ರೆ ಡಿಸ್ಕೌಂಟ್ ಹುಡುಕಿ ದೂರದಿಂದ ಬರೋರನ್ನು ಬಿಟ್ಟು ಅಕ್ಕಪಕ್ಕದ ಮನೆಯವರನ್ನು ನಂಬಿತು. ಈಗ ಅದು ನೆಕ್ಸಸ್ ವೈಟ್‌ಫೀಲ್ಡ್. ನಾವೆಲ್ಲ ಸಿನಿಮಾಗೆ ಹೋಗೋ ಮೈಸೂರಿನ ಫೋರಂ ಸೆಂಟರ್ ಸಿಟಿಯೂ ಇವತ್ತು ಅದೇ ನೆಕ್ಸಸ್ ಕೈಯಲ್ಲಿದೆ. ಈ ಕಂಪನಿಯ ಟ್ರಸ್ಟ್ 2023ರ ಮೇನಲ್ಲಿ ಷೇರುಪೇಟೆಗೂ ಬಂತು. ಇಲ್ಲಿ ಒಬ್ಬರದೇ ಹಿಡಿತ. ಯಾವ ಅಂಗಡಿ ಎಲ್ಲಿರಬೇಕು ಅಂತ ಅವರೇ ತೀರ್ಮಾನಿಸ್ತಾರೆ. ಆ ಶೇ 5ರ ಗುಟ್ಟು ಬಹುಮಟ್ಟಿಗೆ ಇಲ್ಲಿದೆ. ಆದರೆ ಹೀಗೆ ರಿಪೇರಿ ಆದ ಮಾಲ್‌ನಲ್ಲಿ ಹಳೇ ಬಳೆ ಅಂಗಡಿಯವನು ವಾಪಸ್ ಬರೋಕೆ ಆಗುತ್ತಾ? ಹೊಸ ಬಾಡಿಗೆ ಅದನ್ನು ತೀರ್ಮಾನ ಮಾಡುತ್ತೆ.

ನಾಗಮಂಗಲ ತಾಲ್ಲೂಕಲ್ಲೇ ಒಂದು ಉದಾಹರಣೆ ಕೊಡ್ತೀನಿ. ಬೆಳ್ಳೂರು ಹತ್ತಿರದ ಬಿ.ಜಿ. ನಗರಕ್ಕೆ ಹೋಗಿ ನೋಡಿ. 1986ರಲ್ಲಿ ಶುರುವಾದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು, ಅದರ ಆಸ್ಪತ್ರೆ ಇದೆ. ಸುತ್ತ ಮೆಡಿಕಲ್ ಸ್ಟೋರು, ಮೆಸ್ಸು, ಜೆರಾಕ್ಸು, ಹಣ್ಣಿನ ಅಂಗಡಿ. ಕಾಯಿಲೆಗೂ ಪರೀಕ್ಷೆಗೂ ಆಫ್ ಸೀಸನ್ ಇಲ್ಲ. ಬ್ರ್ಯಾಂಡೆಡ್ ಶೋರೂಮಿಗಿಂತ ಗಟ್ಟಿ ಲಂಗರು ಅದು.

ಸಂತೆ ಯಾಕೆ ಸಾಯಲ್ಲ?

ಕೆ.ಆರ್. ಪೇಟೆ ಕಡೆಯವನಾಗಿ ಸಂತೆ ಬಗ್ಗೆ ಹೇಳದೆ ಹೇಗಿರಲಿ? ನಮ್ಮ ತಾಲ್ಲೂಕಿನ ತೆಂಡೇಕೆರೆ ಸಂತೆಗೆ ಚಿಕ್ಕವನಿದ್ದಾಗ ತಾತನ ಜೊತೆ ಹೋಗಿದ್ದೀನಿ. ಗೋಣಿತಾಟು ಹಾಸಿದ್ರೆ ಅಂಗಡಿ, ಮಡಚಿದ್ರೆ ಖಾಲಿ ಜಾಗ. ಒಬ್ಬ ಈ ವಾರ ಬರಲಿಲ್ಲ ಅಂದ್ರೆ ಪಕ್ಕದವನು ಕಾಲು ಚಾಚಿ ಕೂರ್ತಾನೆ. ಸಂತೆಗೆ ಲಿಫ್ಟಿಲ್ಲ, ಜನರೇಟರ್ ಇಲ್ಲ. ದಿನದ ಸುಂಕ ಕೊಟ್ರೆ ಮುಗೀತು. ಅದರ ಲಂಗರು ಯಾವುದೇ ಒಂದು ಅಂಗಡಿ ಅಲ್ಲ, ವಾರದ ಆ ದಿನ.

ಸಂತೆ ಸ್ವರ್ಗ ಅಂತ ಹೇಳ್ತಿಲ್ಲ. ಮಳೆ ಬಂದ್ರೆ ಕೆಸರು, ಹೆಂಗಸರಿಗೆ ಟಾಯ್ಲೆಟ್ ಇಲ್ಲ, ನೆರಳಿಲ್ಲ. ಅಕ್ಕ ಅಲ್ಲಿ ಮಷಿನ್ ಹಾಕ್ಕೊಂಡು ಕೂರೋಕೆ ಆಗಲ್ಲ. ಆದರೆ ಭಾರ ಹೇಗೆ ಹಂಚಿಕೊಂಡಿದೆ ನೋಡಿ. ಮಾಲ್‌ನಲ್ಲಿ ಒಬ್ಬ ದೊಡ್ಡವನು ಎದ್ದು ಹೋದ್ರೆ ಐವತ್ತು ಜನ ಮುಳುಗ್ತಾರೆ. ಸಂತೆಯಲ್ಲಿ ಐದು ಜನ ಬರದಿದ್ರೂ ಸಂತೆ ಸಂತೆಯೇ.

ಅಕ್ಕನ ನಾಲ್ಕು ಪ್ರಶ್ನೆ

ಮೂರು ವಾರ ಆದ ಮೇಲೆ ಅಕ್ಕನಿಗೆ ಫೋನ್ ಮಾಡಿದೆ. ತಕೋ, ಬೇಡ ಅಂತ ಹೇಳಲಿಲ್ಲ. ಕೇಳೋಕೆ ನಾಲ್ಕು ಪ್ರಶ್ನೆ ಹೇಳಿಕೊಟ್ಟೆ. ನಿಮ್ಮ ಮನೆಯಲ್ಲೂ ಯಾರಾದ್ರೂ ಕಾಂಪ್ಲೆಕ್ಸಲ್ಲಿ ಅಂಗಡಿ ಹಿಡೀತಿದ್ರೆ ಬರ್ಕೊಳ್ಳಿ.

ಒಂದು: ಸೂಪರ್‌ಮಾರ್ಕೆಟ್ ಬರುತ್ತೆ ಅಂತೀರಲ್ಲ, ಅವರ ಜೊತೆ ಕರಾರು ಆಗಿದೆಯಾ? ಎಷ್ಟು ವರ್ಷಕ್ಕೆ? ಬಾಯಿಮಾತು ಬೇಡ, ಪತ್ರ ತೋರಿಸಿ.

ಎರಡು: ಅವರು ಬರದೇ ಇದ್ರೆ, ಅಥವಾ ನಡುವೆ ಬಿಟ್ಟು ಹೋದ್ರೆ ನಮ್ಮ ಬಾಡಿಗೆ ಎಷ್ಟು ಇಳಿಯುತ್ತೆ? ನಾವು ಬಿಟ್ಟು ಹೋದ್ರೆ ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್?

ಮೂರು: ಖಾಲಿ ಅಂಗಡಿಗಳ ಮೇಂಟೆನೆನ್ಸ್ ಪಾಲು ಯಾರು ಕೊಡ್ತಾರೆ?

ನಾಲ್ಕು: ಕಟ್ಟಡದ ಕಂದಾಯ ಕಟ್ಟಿದ ರಸೀದಿ ಇದೆಯಾ? ಕಟ್ಟಡಕ್ಕೆ ಬೀಗ ಬಿದ್ರೆ ಆ ದಿನಗಳ ಬಾಡಿಗೆ ಕಟ್ಟಬೇಕಾ, ಬೇಡವಾ?

ಇನ್ನೊಂದು ಮಾತನ್ನೂ ಹೇಳಿದೆ. 11 ತಿಂಗಳ ಕರಾರು ಎಲ್ಲ ಕಡೆ ಯಾಕೆ ಓಡುತ್ತೆ ಗೊತ್ತಾ? ಒಂದು ವರ್ಷ ಮೀರಿದ ಗುತ್ತಿಗೆ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಚಿಕ್ಕ ಕರಾರಿನಲ್ಲಿ ಮಾಲೀಕರು ಬೇಗ ಎಬ್ಬಿಸಬಹುದು ಅನ್ನೋ ಭಯ ಇದೆ, ನಾವೂ ಬೇಗ ಹೊರಗೆ ಬರಬಹುದು ಅನ್ನೋ ಅನುಕೂಲ ಇದೆ. ಹೊಸ ಕಟ್ಟಡದಲ್ಲಿ, ಆಂಕರ್ ಇನ್ನೂ ಬಾಗಿಲು ತೆರೆಯದೇ ಇರುವಾಗ, ಎರಡನೆಯದು ಮುಖ್ಯ ಅಂತ ನನಗೆ ಅನ್ನಿಸ್ತು.

ಅಕ್ಕ ಕೇಳಿಸ್ಕೊಂಡು ಒಂದು ಮಾತು ಅಂದಳು. "ಫ್ರೀ ಬಸ್ ಬಂದ ಮ್ಯಾಲೆ ಹೆಂಗಸ್ರು ಸೀರೆ ತಕ್ಕೊಳ್ಳಾಕೆ ಮೈಸೂರ್ಗೇ ಹೋಯ್ತಾರೆ ಕಣ್ಲಾ. ಆದ್ರೆ ಬ್ಲೌಸು ಹೊಲಿಸಾಕೆ ನನ್ ತಾವ್ಕೇ ಬತ್ತಾರೆ. ಅಳ್ತೆ ಕೊಡಕ್ಕೆ ಒಂದ್ಸಲ, ಈಸ್ಕೊಳ್ಳಾಕೆ ಒಂದ್ಸಲ, ಬಿಗಿ ಆಯ್ತು ಅಂತ ಇನ್ನೊಂದ್ಸಲ. ಅವ್ರು ಸೂಪರ್‌ಮಾರ್ಕೆಟ್ ನೋಡ್ಕೊಂಡು ಬರಾಕಿಲ್ಲ, ನನ್ ಕೈ ನೋಡ್ಕೊಂಡು ಬತ್ತಾರೆ."

ನನ್ನ ಮೂರು ವಾರದ ಓದಿಗಿಂತ ಮುಂದೆ ಇದ್ದಳು ಅಕ್ಕ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಗಿರಾಕಿ ಎಲ್ಲಿಗೆ ಹೋಗ್ತಿದ್ದಾರೆ, ಯಾಕೆ ವಾಪಸ್ ಬರ್ತಿದ್ದಾರೆ ಅಂತ ಅವಳಿಗೆ ದಿನಾ ಕಾಣ್ತಿತ್ತು. ಅವಳ ಲಂಗರು ಅವಳೇ. ಹಾಗಿದ್ರೆ ಬೇರೆಯವರ ಲಂಗರಿಗೆ ಅಷ್ಟು ಬಾಡಿಗೆ ಯಾಕೆ ಕಟ್ಟಬೇಕು?

ಮುಂದಿನ ವಾರ ಭಾವನ ಜೊತೆ ಹೋಗಿ ನಾಲ್ಕೂ ಪ್ರಶ್ನೆ ಕೇಳಿದಳು. ಮೊದಲನೆಯದಕ್ಕೆ ‘ಮಾತುಕತೆ ನಡೀತಾ ಇದೆ’ ಅನ್ನೋ ಉತ್ತರ ಬಂತು. ಅಲ್ಲಿಗೆ ಅರ್ಥ ಆಯ್ತು. ಆದರೂ ಅಕ್ಕ ಪೂರ್ತಿ ಕೈಬಿಡಲಿಲ್ಲ. ಅಡ್ವಾನ್ಸ್ ಕಾಲು ಭಾಗಕ್ಕೆ ಇಳಿಸಿ, 11 ತಿಂಗಳ ಕರಾರು ಮಾಡಿ, ಸೂಪರ್‌ಮಾರ್ಕೆಟ್ ಶೆಟರ್ ಎದ್ದ ದಿನದಿಂದ ಬಾಡಿಗೆ ಶುರು ಅಂತ ಬರೆದು ಕೊಡಿ, ಆಗ ಬರ್ತೀನಿ ಅಂದಳಂತೆ. ಯೋಚನೆ ಮಾಡಿ ಹೇಳ್ತೀವಿ ಅಂದಿದ್ದಾರೆ. ಈ ಸಂಚಿಕೆ ರೆಕಾರ್ಡ್ ಮಾಡೋವರೆಗೂ ಫೋನ್ ಬಂದಿಲ್ಲ. ಸಂಘದ ಸಾಲ ಎತ್ತಿಲ್ಲ. ಮನೆಯ ಮುಂದಿನ ರೂಮಲ್ಲಿ ಮಷಿನ್ ಓಡ್ತಾನೇ ಇದೆ.

ನಿಮ್ಮೂರಲ್ಲೂ ಮೇಲಿನ ಮಹಡಿ ಖಾಲಿ ಬಿದ್ದಿರೋ ಕಾಂಪ್ಲೆಕ್ಸ್ ಇರುತ್ತೆ. ಇವತ್ತು ಸಂಜೆ ಆ ಕಡೆ ಹೋದ್ರೆ ಒಂದ್ಸಲ ಮೆಟ್ಟಿಲು ಹತ್ತಿ ನೋಡಿ. ಅಲ್ಲಿ ಇನ್ನೂ ಶೆಟರ್ ಎತ್ತಿ ಕೂತಿರೋ ಒಬ್ಬ ಟೈಲರ್ರೋ ಮೊಬೈಲ್ ರಿಪೇರಿಯವರೋ ಸಿಗ್ತಾರೆ. ಅವರು ಏನನ್ನು ನಂಬಿ ಅಲ್ಲಿ ಉಳಿದಿದ್ದಾರೆ ಅಂತ ಕೇಳಿ. ನಾನಂತೂ ಮುಂದಿನ ಸಲ ನಾಗಮಂಗಲಕ್ಕೆ ಹೋದಾಗ ಕೇಳ್ತೀನಿ.

ಮುಂದಿನ ವಾರ ಸಿಗೋಣ. ನಮಸ್ಕಾರ.